ಕಾಳಿ ಒಂದರಿಂದ ಹೈ ಸಿ ತನಕ

ಹಿಂದುಸ್ತಾನಿ ಕಲಿತ ನನ್ನ ಶಿಷ್ಯನನ್ನು ಒಪೆರಾದ ಟೆನರ್, ಅಂದರೆ ಏರುದನಿಯ ಗಂಡು ಗಾಯಕ, ಮಾಡಲು ಹೊರಟೆ. ಖರಜ (ಮಂದ್ರದ ಕೆಳಸ್ವರಗಳ ಸಾಧನೆ) ಹಚ್ಚಿ ಬೆಳೆದ ಗಂಟಲಿಗೆ ಬೆಲ್ ಕಾಂತೊ, ಇಟಲಿಯ ಒಪೆರಾ ಗಾಯನ ಪದ್ಧತಿ, ಒಗ್ಗೋದಿಲ್ಲ ಅಂದವರು ಒಬ್ಬಿಬ್ಬರಲ್ಲ. ಧಾರವಾಡದ ಖಯಾಲ್ ಮಂದಿ "ಹುಡುಗನ ಗಂಟಲಾ ಕೆಡಸ್ತಿ" ಅಂದರು. ಪಿಯಾನೊ ಬಲ್ಲವರು "ಮೊದಲು ಕಲಿತದ್ದನ್ನೆಲ್ಲ ಮರೆಸು" ಅಂದರು. ಮರೆಸಲಿಲ್ಲ. ಮೂರು ವರ್ಷದ ಮೇಲೆ ಈಗ ಹೈ ಸಿ, ಟೆನರ್‌ಗಳ ಶಿಖರ ಸ್ವರ, ಹತ್ತಕ್ಕೆ ಏಳು ಸಲ ಸ್ವಚ್ಛ ಕೂಡ್ತದೆ. ಯುರೋಪಿನ ಒಂದು ಬೇಸಿಗೆ ಶಿಬಿರದವರು ಬರೀ ವಿಡಿಯೋ ನೋಡಿ ಹುಡುಗನನ್ನು ಆರಿಸಿಕೊಂಡಿದ್ದಾರೆ. ಇಂಥದೇ ಧ್ವನಿ ಕೈಯಲ್ಲಿರುವ ಮಾಸ್ತರರಿಗೆ ಇದು ಉಪಯೋಗಕ್ಕೆ ಬಂದೀತು.

ಮೊದಲು ಲೆಕ್ಕ. ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್) ಷಡ್ಜದವನಿಗೆ ತಾರ ಷಡ್ಜ ಸುಮಾರು 277 ಹರ್ಟ್ಸ್. ಲಿರಿಕ್ (ಹಗುರ ದನಿಯ) ಟೆನರ್‌ನ ಪಸ್ಸಾಜ್ಜೊ, ಧ್ವನಿ ಕೆಳಗಿನಿಂದ ಮೇಲಿನ ನೆಲೆಗೆ ದಾಟುವ ಜಾಗ, ಡಿ ಇಂದ ಜಿ ವರೆಗೆ, ಅಂದರೆ ನಮ್ಮ ತಾರದ ಕೋಮಲ ರಿಷಭದಿಂದ ತೀವ್ರ ಮಧ್ಯಮದ ತನಕ. ಹೈ ಸಿ 523 ಹರ್ಟ್ಸ್, ತಾರದ ಶುದ್ಧ ನಿಷಾದ. ತೊಡಕು ಇಲ್ಲೇ ಇರೋದು. ನಾವು ಅಂತರಾಕ್ಕೆ (ಬಂದಿಶಿನ ಎರಡನೇ ಭಾಗ) ಕಳಸ ಇಡುವ ಜಾಗವೇ ಅವರಿಗೆ ಹೊಸ್ತಿಲು. ತಾರ ಗಾಂಧಾರಕ್ಕೆ ನಾವು ಬಾಯಿ ತೆರೆದು, ತುಂಬು 'ಆ'ಕಾರದಲ್ಲಿ, ಇದ್ದ ಬಲವನ್ನೆಲ್ಲ ಹಾಕಿ ನಿಲ್ತೀವಿ. ಟೆನರ್ ಅಲ್ಲಿ ಅಷ್ಟೂ ಬಲ ಖರ್ಚು ಮಾಡಿದರೆ ಮೇಲಿನ ಐದಾರು ಸ್ವರಗಳಿಗೆ ಉಳಿಯೋದು ಕಿರುಚಾಟ.

ಮೊದಲ ವರ್ಷ ಆದದ್ದೂ ಅದೇ. ತೆರೆದ 'ಆ'ಕಾರವನ್ನೇ ಎಫ್ ಶಾರ್ಪ್ ತನಕ ಎಳೆದೆವು. ಗಂಟಲಮಣಿ ಗದ್ದಕ್ಕೆ ಏರ್ತಿತ್ತು, ಜಿ ಬಂದರೆ ಧ್ವನಿ ಒಡೀತಿತ್ತು. ಎಂಟನೇ ತಿಂಗಳಿಗೆ ಬೆಳಗಿನ ಮಾತೇ ಕರಕರ. ಗಂಟಲ ಡಾಕ್ಟರ ಹತ್ತಿರ ಕ್ಯಾಮೆರಾ ಬಿಡಿಸಿದ್ದಕ್ಕೆ ಒಂದೂವರೆ ಸಾವಿರ ಚಿಲ್ಲರೆ ಹೋಯಿತು. ಸ್ವರತಂತುಗಳ ಅಂಚಿಗೆ ಬಾವು, ಮೂರು ವಾರ ಮೌನ. "ನಾವು ಹೇಳಿದ್ದಿಲ್ಲೇನು?" ಅನ್ನುವವರಿಗೆ ಆಗ ಸುಗ್ಗಿ.

ಆಮೇಲೆ ದಿಕ್ಕು ತಿರುಗಿಸಿದೆ, ಮೇಲಿನಿಂದ ಕೆಳಕ್ಕೆ. ಎ ಸ್ವರದ ಮೇಲೆ ಸಣ್ಣ 'ಊ' ಹಿಡಿದು, ಐದೈದು ಸ್ವರ ಇಳಿಸುತ್ತ ಮಧ್ಯದ ಸಿ ವರೆಗೆ ತರೋದು. ದಿನಕ್ಕೆ ಹತ್ತೇ ನಿಮಿಷ, ಎರಡು ಹೊತ್ತು. ಇಳಿಯುವಾಗ ಧ್ವನಿ ದಪ್ಪ ಆಗಲಿಕ್ಕೆ ಬಿಡಬಾರದು. ಇ ದಾಟುವ ತನಕ ಎಳೆ ತೆಳ್ಳಗೇ ಇರಬೇಕು. ಎರಡು ತಿಂಗಳಾದ ಮೇಲೆ 'ಆ' ಸೇರಿಸಿದೆ, ಆದರೆ ಡಿ ಶಾರ್ಪ್‌ನಿಂದ ಮೇಲೆ ಅದು 'ಓ' ಕಡೆ ವಾಲಬೇಕು: ಮನಸ್ಸಿನಲ್ಲಿ ಆ, ತುಟಿಯಲ್ಲಿ ಓ. ಸಿ ಯಿಂದಲೇ ವಾಲಿಸಿ ನೋಡಿದ್ದೆವು, ಗಡಿಗೆಯೊಳಗೆ ಮುಖ ಇಟ್ಟು ಹಾಡಿದಂಗ ಕೇಳಿಸ್ತು. ಎಫ್ ತನಕ ಕಾದರೆ ಹೊತ್ತು ಮೀರಿತು. ಒಬ್ಬೊಬ್ಬರ ಗಂಟಲಿಗೆ ಆ ಅರ್ಧ ಸ್ವರ ಬೇರೆ, ಹುಡುಕಿಕೊಳ್ಳಬೇಕು. ಹೈ ಸಿ ಗೆ ಮುಂಚಿನ ಸ್ವರದಲ್ಲಿ ನಾಲಿಗೆ ಎಲ್ಲಿರಬೇಕು ಅನ್ನೋದೊಂದಿದೆ. ಅದನ್ನಿಲ್ಲಿ ಬರೆಯೋದಿಲ್ಲ, ಎದುರು ಕೂತವರಿಗೇ ಹೇಳೋದು.

ಖರಜ ಬಿಡಿಸಲಿಲ್ಲ, ನಲವತ್ತು ನಿಮಿಷದ್ದನ್ನು ಹದಿನೈದಕ್ಕೆ ಇಳಿಸಿ ಸಣ್ಣ ದನಿಯಲ್ಲಿ ಮಾಡಿಸಿದೆ. ತಂಬೂರಿ ಮುಂದೆ ಸ್ವರ ಹಚ್ಚಿ ನಿಂತ ಅಭ್ಯಾಸ ಮೆಸ್ಸಾ ದಿ ವೋಚೆಗೆ, ಅಂದರೆ ಒಂದೇ ಸ್ವರದ ದನಿ ಬೆಳೆಸಿ ಇಳಿಸೋದಕ್ಕೆ, ನೇರ ಬಂಡವಾಳ. ನಾಲ್ಕು ಎಣಿಕೆ ಬೆಳೆಸೋದು, ನಾಲ್ಕು ಎಣಿಕೆ ಇಳಿಸೋದು. ಬೆಳೆಸೋದು ಯಾರಿಗಾದರೂ ಬರ್ತದೆ, ಇಳಿಸುವಾಗಲೇ ಉಸಿರು ಸೋರಿ ಸ್ವರ ಬೀಳೋದು. ಸಿ ಯಿಂದ ಶುರು ಮಾಡಿ ಎಫ್ ಮುಟ್ಟಲಿಕ್ಕೆ ಐದು ತಿಂಗಳು ಬೇಕಾಯಿತು. ವೈಬ್ರಾಟೊ, ಸ್ವರದೊಳಗಿನ ಸಣ್ಣ ಅಲೆ, ಮಾತ್ರ ಕಾಡಿತು. ಸೆಕೆಂಡಿಗೆ ಐದಾರು ಅಲೆ ಬೇಕು, ನಮ್ಮವನದು ಗೆರೆ ಎಳೆದಂಥ ಸ್ವರ. ಹೊಟ್ಟೆ ಕುಣಿಸಿ ತರಿಸಲು ಹೋಗಿ ಮೇಕೆ ಒದರಿದಂಗಾಯಿತು. ಕೈ ಬಿಟ್ಟೆ. ದನಿಯ ಇಳಿಕೆ ಹದಕ್ಕೆ ಬಂದ ಮೇಲೆ ಅದೇ ತಾನಾಗಿ ಬಂತು.

ನಡುವೆ ಇನ್ನಷ್ಟು ಉಸಾಬರಿ. ಎಳನೀರಿನ ಸ್ಟ್ರಾ, ಸ್ಟೀಲ್ ಲೋಟದಲ್ಲಿ ಮೂರು ಬೆರಳು ನೀರು, ಅದರೊಳಗೆ ಗುಳುಗುಳು ಅನ್ನಿಸುತ್ತ ಸ್ವರ ಏರಿಳಿಸೋದು: ಇದು ಲಾಭ ಕೊಟ್ಟಿತು, ಅದೂ ದಣಿದ ದಿನ. ಹಿತ್ತಾಳೆ ಕೊಡದೊಳಗೆ ಹಾಡಿಸಿದ್ದು ಬರೀ ಮೋಜು. ಮನೆಯ ಹಳೇ ಹಾರ್ಮೋನಿಯಂ ಫೋನಿನ ಟ್ಯೂನರ್‌ನಲ್ಲಿ ಎ ಗೆ 440ರ ಬದಲು 448 ತೋರಿಸ್ತು. ವರ್ಷಗಟ್ಟಲೆ ಅದಕ್ಕೆ ಸೇರಿಸಿ ಹಾಡಿದವನು ಪಿಯಾನೊ ಮುಂದೆ ಏರು ಸ್ವರ ಹಾಡ್ತಿದ್ದ. ಮಿರ್ಚಿ ಭಜಿ, ಬೆಳ್ಳುಳ್ಳಿ ಖಾರ ಸಂಜೆ ಏಳರ ಮೇಲೆ ಬಂದ್. ರಾತ್ರಿ ಹುಳಿ ಏರಿದರೆ ಬೆಳಗ್ಗೆ ಮೇಲಿನ ಸ್ವರ ಇರೋದಿಲ್ಲ.

ತಾನ್ ವಿಷಯ. ಸಪಾಟ್ ತಾನ್ (ನೇರ ಏರಿಳಿಯುವ ವೇಗದ ತಾನ್) ಬಂದವನಿಗೆ ಒಪೆರಾಕಾರ ರೊಸ್ಸಿನಿಯ ವೇಗದ ಸ್ವರಗಳ ಓಟ ಅರ್ಧ ಬಂದ ಹಾಗೆ. ಸ್ವರ ಅಲುಗಿಸುವ ಗಮಕದ ತಾನ್ ಮಾತ್ರ ಅಡ್ಡ ಬರ್ತದೆ: ಪ್ರತಿ ಸ್ವರಕ್ಕೂ 'ಹ' ನುಸುಳುತ್ತದೆ. ಪಲ್ಟಾಗಳನ್ನೇ (ಸ್ವರಗಳ ಅಭ್ಯಾಸ ಸರಣಿ) ಮೆಟ್ರೊನೊಮ್ ನಿಮಿಷಕ್ಕೆ 60 ಬಡಿತಕ್ಕಿಟ್ಟು, ಒಂದು ಬಡಿತಕ್ಕೆ ನಾಲ್ಕು ಸ್ವರ, ಒಮ್ಮೆ ಬಿಡಿಸಿ ಒಮ್ಮೆ ಕೂಡಿಸಿ ಹಾಡಿಸಿದೆ. 112ರ ತನಕ ಬಂದಿದೆ.

ನನ್ನ ಹೆಮ್ಮೆಯ ಪಾಲು ಭಾಷೆಯದು. ಇಟಾಲಿಯನ್ ಸಾಹಿತ್ಯವನ್ನು ಕನ್ನಡದಲ್ಲಿ ಬರೆಸಿದೆ. ಅವರ ತ, ದ ನಮ್ಮ ಹಾಗೇ ಹಲ್ಲಿನವು, ಒತ್ತಕ್ಷರವೂ ನಮ್ಮಂಥದೇ: 'ಬೆಲ್ಲೊ'ಗೆ ಬೆಲ್ಲ, 'ನೊತ್ತೆ'ಗೆ ಕತ್ತೆ. ಸ್ವರದಿಂದ ಮುಗಿಯುವ ಪದಗಳಂತೂ ಮನೆಯವೇ. ರೋಮನ್ ಅಕ್ಷರ ನೋಡಿ ಓದಿಸಿದಾಗ 'ಟ' ಮಾಡ್ತಿದ್ದವನು ಒಂದೇ ವಾರಕ್ಕೆ ತಿದ್ದಿಕೊಂಡ. 'ಸೊಞ್ಞೊ' ಬರೆಯಲಿಕ್ಕೆ ಶಾಲೆ ಬಿಟ್ಟ ಮೇಲೆ ಮೊದಲ ಸಲ 'ಞ' ಉಪಯೋಗಕ್ಕೆ ಬಂತು. ಎ, ಒ ಗಳು ತೆರೆದವೋ ಮುಚ್ಚಿದವೋ ಅನ್ನೋದು ಮಾತ್ರ ನಮ್ಮ ಲಿಪಿಯಲ್ಲಿ ಸಿಗೋದಿಲ್ಲ, ಅಲ್ಲಿ ಕೆಂಪು ಪೆನ್ನಿನ ಗುರುತು. ಅದಕ್ಕೆಂದೇ ಇಟಲಿಯ ಒಬ್ಬ ಕೋಚ್ ಹತ್ತಿರ ಆನ್‌ಲೈನ್ ಪಾಠ, ತಾಸಿಗೆ ನಲವತ್ತು ಯೂರೊ. ಹದಿನೈದು ಪಾಠಕ್ಕೇ ಜೇಬು ಬರಿದು.

ಉಳಿದ ಖರ್ಚು: ಎಂಬತ್ತೆಂಟು ಮನೆಯ ಡಿಜಿಟಲ್ ಪಿಯಾನೊ, ಸೆಕೆಂಡ್ ಹ್ಯಾಂಡ್, ಇಪ್ಪತ್ತೆಂಟು ಸಾವಿರ. ಸಾಥಿಗೆ ಇಲ್ಲಿ ಯಾರೂ ಸಿಗದೆ ಪಿಯಾನೊ ಬೇರೆ ಊರಿನಿಂದ ನುಡಿಸಿ ತರಿಸಿದ್ದು, ಒಂದು ಆರಿಯಾಕ್ಕೆ (ಒಪೆರಾದ ಒಂಟಿ ಹಾಡು) ಮೂರು ಸಾವಿರ. ಅರ್ಜಿ ಶುಲ್ಕ ಒಂದೊಂದಕ್ಕೆ ಮೂವತ್ತು ಯೂರೊ ಆಸುಪಾಸು, ಒಂಬತ್ತು ಅರ್ಜಿ, ಎಂಟು ನಿರಾಕರಣೆ. ಎಲ್ಲ ಕೂಡಿ ಎರಡು ಲಕ್ಷ ದಾಟಿತು.

ಎಂಟರಲ್ಲಿ ನಾಲ್ಕಾದರೂ ಧ್ವನಿಯ ತಪ್ಪಲ್ಲ, ರೆಕಾರ್ಡಿಂಗ್‌ನದು. ಫೋನಿನ ಮೈಕ್ ಹೈ ಸ್ವರ ಬಂದೊಡನೆ ತಾನೇ ದನಿ ತಗ್ಗಿಸಿಬಿಡ್ತದೆ, ಕೇಳುವವರಿಗೆ ಟೆನರ್ ಹೆದರಿ ಹಿಂದೆ ಸರಿದಂಗ ಅನ್ನಿಸ್ತದೆ. ಬೇರೆ ಮೈಕ್ ಕೊಂಡು, ಮೂರು ಮೀಟರ್ ದೂರ, ಎದೆಮಟ್ಟಕ್ಕಿಂತ ಮೇಲೆ ಇಟ್ಟು, ಅತಿ ದೊಡ್ಡ ಸ್ವರ ಮೈನಸ್ 12 ಡೆಸಿಬಲ್ ದಾಟದಂಗ ಗೇನ್ ಇಳಿಸಿದೆ. ಆರ್‌ಸಿಸಿ ಕೋಣೆ ಬಿಟ್ಟು ಕಲ್ಲುಗೋಡೆಯ, ಮರದ ಅಟ್ಟದ ಹಳೇ ಪಡಸಾಲೆಗೆ ಹೋದೆವು. ಎಡಿಟ್ ಮಾಡುವ ಹಾಗಿಲ್ಲ, ಒಂದೇ ಟೇಕ್. ಬೆಳಗ್ಗೆ ಆರೂವರೆಗೆ ನವಿಲು, ಏಳಕ್ಕೆ ಹಾಲಿನ ಗಾಡಿ, ಎಂಟಕ್ಕೆ ಕರೆಂಟ್ ಹೋಯಿತು. ಹನ್ನೊಂದನೇ ಟೇಕ್ ಕಳಿಸಿದ್ದು.

ಹಾಡಿದ್ದು ಇಟಲಿಯ ಸಂಗೀತಕಾರ ದೊನಿಜೆತ್ತಿಯ 1832ರ ಒಪೆರಾದ 'ಉನಾ ಫುರ್ತಿವಾ ಲಾಗ್ರಿಮಾ'. ಅದರಲ್ಲಿ ಹೈ ಸಿ ಇಲ್ಲ, ಎ ಸಾಕು. ಆದರೆ ಎಫ್ ಸುತ್ತಲೇ ಸುಳಿದಾಡುವುದರಿಂದ ಪಸ್ಸಾಜ್ಜೊ ಕಚ್ಚಾ ಇದ್ದರೆ ಎರಡನೇ ಸಾಲಿಗೇ ಗೊತ್ತಾಗ್ತದೆ. ಹೈ ಸಿ ಗಳ ಸರಮಾಲೆಯೇ ಇರುವ ಅವನದೇ 1840ರ 'ಲಾ ಫೀಯ್ ದ್ಯು ರೆಜಿಮಾಂ' ಒಪೆರಾದ ಆರಿಯಾವನ್ನು ಈಗ ಅರ್ಧ ಸ್ವರ ಇಳಿಸಿ ಹಾಡಿಸ್ತಿದ್ದೇನೆ, ದಿನ ಬಿಟ್ಟು ದಿನ. ಬೆಲ್ಲಿನಿಯ ಒಪೆರಾ 'ಇ ಪುರಿತಾನಿ'ಯಲ್ಲಿ ಹೈ ಸಿ ಗೂ ಮೇಲಿನ ಎಫ್ ಬರೆದದ್ದಿದೆ. ಹುಡುಗ ತಿಂಗಳಿಗೊಮ್ಮೆ ಕೇಳ್ತಾನೆ. ಆ ಸ್ವರಲಿಪಿ ಇರುವ ಕಪಾಟಿನ ಕೀಲಿ ನನ್ನ ಹತ್ತಿರವೇ ಇದೆ.