ದಿನಸಿ ಚೀಲಕ್ಕಿಂತ ಮೊದಲು ಹೆಸರಿನ ಪಟ್ಟಿ

ಲಾಕ್‌ಡೌನ್ ಜಾರಿಯಾದರೆ ದಿನಗೂಲಿ ನಂಬಿದವರ ಒಲೆ ಎರಡು ಮೂರು ದಿನದಲ್ಲೇ ಆರುತ್ತದೆ. ಅದನ್ನು ಕಂಡು ಕರುಳು ಚುರುಕ್ ಎಂದವರು ಅಂದೇ ಹಣ ಕೂಡಿಸಿ, ಮೂಟೆ ತರಿಸಿ, ರಾತ್ರಿಯೆಲ್ಲ ಕೂತು ಚೀಲ ತುಂಬಿ, ಬೆಳಗಾಗುವುದರೊಳಗೆ ಹಂಚಲು ಹೊರಡುತ್ತಾರೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ರೋಗವನ್ನು ಜಾಗತಿಕ ಪಿಡುಗೆಂದು ಸಾರಿತು. ಆ ಬಳಿಕದ ತಿಂಗಳುಗಳಲ್ಲಿ ಇಂಥ ಹಲವು ತಂಡಗಳ ಜೊತೆ ನಾನು ಓಡಾಡಿದ್ದೇನೆ. ಮುಖ್ಯ ರಸ್ತೆಗೆ ಹೊಂದಿಕೊಂಡ ಒಂದು ಬೀದಿಗೆ ಒಂದೇ ವಾರದಲ್ಲಿ ಮೂರು ತಂಡಗಳು ಬಂದು ಹೋಗಿದ್ದವು. ಅದರ ಹಿಂದೆಯೇ, ಅರ್ಧಕ್ಕೆ ನಿಂತ ಕಟ್ಟಡದಲ್ಲಿ ಮಲಗುತ್ತಿದ್ದವರಿಗೆ ಒಂದು ಹಿಡಿ ಧಾನ್ಯವೂ ತಲುಪಿರಲಿಲ್ಲ. ಹಂಚಿದವರ ಮನಸ್ಸು ದೊಡ್ಡದೇ ಇತ್ತು. ಯಾರಿಗೆ ಕೊಡಬೇಕು ಎಂಬ ಪಟ್ಟಿ ಮಾತ್ರ ಅವರ ಕೈಯಲ್ಲಿರಲಿಲ್ಲ. ಹಾಗಾಗಿ ಇಲ್ಲಿ ಹೆಚ್ಚು ಹೇಳುವುದು ಪಟ್ಟಿಯ ಬಗ್ಗೆಯೇ. ಚೀಲ ತುಂಬುವುದು ಯಾರಿಗಾದರೂ ಬರುತ್ತದೆ.

ಹೆಜ್ಜೆ 1: ಪ್ರದೇಶ ಆರಿಸಿಕೊಳ್ಳುವುದು

ಸ್ಥಳೀಯ ಆಡಳಿತದಿಂದ ಓಡಾಟದ ಅನುಮತಿ ಪತ್ರ ಪಡೆಯಿರಿ. ಬೇರೆ ತಂಡಗಳಿಗೆ ಫೋನ್ ಮಾಡಿ, ಯಾರಿಗೆ ಯಾವ ಬೀದಿ ಎಂದು ಪಾಲು ಮಾಡಿಕೊಳ್ಳಿ. ಇಡೀ ಊರಿಗೆ ಒಂದು ಸಲ ಹಂಚಿ ಕೈತೊಳೆದುಕೊಳ್ಳುವುದಕ್ಕಿಂತ, ನೂರೇ ಮನೆಗಳನ್ನು ಹಿಡಿದು ನಿರ್ಬಂಧ ತೆರವಾಗುವವರೆಗೂ ನೋಡಿಕೊಳ್ಳುವುದು ಮೇಲು.

ಹೆಜ್ಜೆ 2: ಪಟ್ಟಿ ಮಾಡುವುದು

ಇದಕ್ಕೆ ಕನಿಷ್ಠ ಎರಡು ದಿನ ಮೀಸಲಿಡಿ. ಜನ ಹಸಿದಿರುವಾಗ ಎರಡು ದಿನ ಪಟ್ಟಿ ಬರೆಯುತ್ತಾ ಕೂರುವುದೇ ಎಂದು ತಂಡದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಎರಡು ದಿನ ಬೇಯಿಸಿದ ಊಟ ಕೊಡಿ, ಯಾರು ಬಂದರೂ ಬಡಿಸಿ. ದಿನಸಿಯನ್ನು ಮಾತ್ರ ಪಟ್ಟಿ ಇಲ್ಲದೆ ಹೊರತೆಗೆಯಬೇಡಿ.

ಒಬ್ಬರೇ ಬರೆದುಕೊಟ್ಟ ಪಟ್ಟಿಯನ್ನು ಎಂದಿಗೂ ನಂಬಿ ಕೂರಬೇಡಿ. ಬೀದಿಯ ಮುಖಂಡ ತನ್ನ ಮಾತು ಕೇಳುವವರ ಹೆಸರು ಬರೆಯುತ್ತಾನೆ. ಮನೆ ಮಾಲೀಕ ಬಾಡಿಗೆ ಬಾಕಿ ಉಳಿಸಿಕೊಂಡವರನ್ನು ಬಿಡುತ್ತಾನೆ. ಗುತ್ತಿಗೆದಾರನಿಗೆ ತನ್ನ ಆಳುಗಳಷ್ಟೇ ಗೊತ್ತು. ಕೆಟ್ಟತನವಿಲ್ಲದವರೂ ತಮಗೆ ಕಂಡಷ್ಟನ್ನೇ ಬರೆಯುತ್ತಾರೆ. ಆದ್ದರಿಂದ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರನ್ನು ಹಿಡಿಯಿರಿ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ ಒಬ್ಬರು. ಸಾಲಕ್ಕೆ ಸಾಮಾನು ಕೊಡುವ ಚಿಕ್ಕ ಅಂಗಡಿಯವರು ಇನ್ನೊಬ್ಬರು. ಯಾರ ಲೆಕ್ಕ ಏರುತ್ತಿದೆ, ಯಾರು ಅಂಗಡಿಗೆ ಬರುವುದನ್ನೇ ನಿಲ್ಲಿಸಿದರು ಎಂಬುದು ಅವರ ಪುಸ್ತಕದಲ್ಲಿರುತ್ತದೆ. ಮೂರನೆಯವರು ನೀರು ಹಿಡಿಯುವ ಜಾಗದಲ್ಲಿ ದಿನವೂ ನಿಲ್ಲುವ ಯಾರಾದರೂ ಹೆಂಗಸು. ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಇರುವ ಹೆಸರಿನ ಬಗ್ಗೆ ಚಿಂತೆಯಿಲ್ಲ. ಒಂದರಲ್ಲಿ ಮಾತ್ರ ಇರುವ ಹೆಸರಿನ ಮನೆಗೆ ನೀವೇ ಹೋಗಿ.

ಆಮೇಲೆ ಆ ಪ್ರದೇಶದಲ್ಲಿ ಕಾಲ್ನಡಿಗೆಯಲ್ಲಿ ಸುತ್ತಬೇಕು, ಅದೂ ಮುಸ್ಸಂಜೆಯಲ್ಲಿ. ಹಗಲಲ್ಲಿ ಬೀಗ ಕಂಡ ಬಾಗಿಲು ಆ ಹೊತ್ತಿಗೆ ತೆರೆದಿರುತ್ತದೆ, ಗೋದಾಮಿನ ಹಿಂದೆ ದೀಪ ಕಾಣುತ್ತದೆ. ಯಾವ ಮನೆಯಲ್ಲಿ ಅಡುಗೆಯ ಸದ್ದಿಲ್ಲ ಎಂಬುದೂ ತಿಳಿಯುತ್ತದೆ. ಪ್ರತಿ ಬಾಗಿಲಲ್ಲೂ ಹೊರಡುವ ಮುನ್ನ ಒಂದು ಮಾತು ಕೇಳಿ: ‘ಇಲ್ಲೇ ಹತ್ತಿರದಲ್ಲಿ ಇನ್ನೂ ಏನೂ ಸಿಗದವರು ಯಾರಿದ್ದಾರೆ?’ ಅರ್ಧ ಕಟ್ಟಿದ ಆ ಕಟ್ಟಡದಲ್ಲಿ ಜನರಿದ್ದಾರೆ ಎಂಬುದು ನಮಗೆ ತಿಳಿದದ್ದು ಈ ಪ್ರಶ್ನೆಗೆ ಒಬ್ಬ ಹುಡುಗಿ ಕೈ ಎತ್ತಿ ಅತ್ತ ತೋರಿಸಿದಾಗ.

ಮನೆಗಳನ್ನು ಎಣಿಸಬೇಡಿ, ತಲೆಗಳನ್ನು ಎಣಿಸಿ. ನಮ್ಮ ಮೊದಲ ಪಟ್ಟಿಯಲ್ಲಿ ‘ಒಂದು ಕುಟುಂಬ’ ಎಂದು ಬರೆದಿದ್ದ ಕೋಣೆಯಲ್ಲಿ ಎಂಟು ಜನ ಕೂಲಿಗಳಿದ್ದರು. ಬೀಗ ಒಂದು, ಒಲೆ ಒಂದು, ಊರು ನಾಲ್ಕು. ಅವರಿಗೆ ಹೋದದ್ದು ನಾಲ್ಕು ಜನರ ಚೀಲ. ಅದನ್ನು ಅವರು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಲೋಟದಲ್ಲಿ ಅಳೆದು ಎಂಟು ಗುಡ್ಡೆ ಮಾಡಿಕೊಂಡಿದ್ದರು. ಆ ಗುಡ್ಡೆಗಳನ್ನು ಕಂಡ ದಿನದಿಂದ ನಾನು ‘ಕುಟುಂಬ’ ಎಂಬ ಕಾಲಂ ತೆಗೆದುಹಾಕಿ ‘ಈ ಒಲೆಯಲ್ಲಿ ಉಣ್ಣುವವರು ಎಷ್ಟು’ ಎಂದು ಬರೆಯುತ್ತೇನೆ. ಅದರ ಪಕ್ಕದಲ್ಲಿ ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿ ಅಥವಾ ಬಾಣಂತಿ, ನಿತ್ಯ ಮಾತ್ರೆ ನುಂಗುವವರು, ಭಾರ ಎತ್ತಲಾರದವರು ಎಂದು ನಾಲ್ಕು ಕಾಲಂ ಸಾಕು.

ಗುರುತಿನ ಚೀಟಿ ಕೇಳಬೇಡಿ. ಅದಿದ್ದವರಿಗೆ ಬೇರೆ ನೆರವು ಸಿಕ್ಕಿರುವ ಸಾಧ್ಯತೆಯಾದರೂ ಇದೆ. ಇಲ್ಲದವರಿಗೆ ನೀವೇ ಗತಿ. ಹೆಸರು ತಪ್ಪಿಹೋಗುವವರು ಸಾಮಾನ್ಯವಾಗಿ ಇವರೇ: ಒಂಟಿ ವೃದ್ಧರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು, ಲೈಂಗಿಕ ಕಾರ್ಯಕರ್ತೆಯರು, ಭಾಷೆ ಬಾರದ ವಲಸಿಗರು. ಸೋಂಕು ತಗುಲಿದ ಮನೆಯನ್ನಂತೂ ನೆರೆಯವರು ಹೆದರಿ ಹೆಸರಿಸುವುದೇ ಇಲ್ಲ. ಬಾಗಿಲಿನಾಚೆ ಹೋಗಲಾಗದ ಅವರಿಗೇ ಮೊದಲು ತಲುಪಬೇಕು. ಎಂದೂ ಕೈಚಾಚಿ ಗೊತ್ತಿಲ್ಲದವರದು ಇನ್ನೊಂದು ಗುಂಪು. ಸಂಬಳ ನಿಂತ ಶಿಕ್ಷಕರು, ಹೊಲಿಗೆಯವರು, ವಾದ್ಯ ನುಡಿಸುವವರು ಕೇಳಿದರೆ ‘ಇದೆ, ಸಾಕು’ ಎನ್ನುತ್ತಾರೆ. ಅವರಿಗೆ ಒಂದು ಫೋನ್ ನಂಬರ್ ಕೊಟ್ಟು ಬನ್ನಿ. ರಾತ್ರಿ ಕರೆ ಬರುತ್ತದೆ.

ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರಿಗೆ ಯಾವ ಕಾಯಿಲೆ ಎಂಬುದು ಊರಿನ ಮಾತಾಗಬಾರದು. ಎರಡು ನೋಟ್‌ಬುಕ್, ಎರಡೇ ಜನ.

ಹೆಜ್ಜೆ 3: ಎಷ್ಟು ಕೊಡಬೇಕೆಂಬ ಲೆಕ್ಕ

‘ಹದಿನೈದು ದಿನದ ಕಿಟ್’ ಎಂದು ಬರೆದ ಹತ್ತು ಕಿಲೋ ಚೀಲಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲೆಕ್ಕ ಹಾಕಿದರೆ ಅದು ಕಣ್ಣೊರೆಸುವ ಕೆಲಸ. ಪರಿಹಾರ ಕಾರ್ಯದಲ್ಲಿ ಪಳಗಿದ ಸಂಸ್ಥೆಗಳು ಸರಾಸರಿ ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಬೇಕೆಂದು ಹಿಡಿಯುತ್ತವೆ. ಅದಕ್ಕೆ ಒಂದು ಮಾದರಿ ಪಡಿತರ ಹೀಗಿದೆ: ಧಾನ್ಯ 400 ಗ್ರಾಂ, ಬೇಳೆಕಾಳು 60, ಪೌಷ್ಟಿಕ ಮಿಶ್ರಣದ ಹಿಟ್ಟು 50, ಎಣ್ಣೆ 25, ಸಕ್ಕರೆ 15, ಅಯೋಡಿನ್ ಉಪ್ಪು 5 ಗ್ರಾಂ. ಒಟ್ಟು 555 ಗ್ರಾಂ. ಐದು ಜನರಿಗೆ ಹದಿನೈದು ದಿನಕ್ಕೆ ಇದು 41 ಕಿಲೋ ದಾಟುತ್ತದೆ. ಹತ್ತು ಕಿಲೋ ಚೀಲ ಅವರಿಗೆ ನಾಲ್ಕು ದಿನಕ್ಕೂ ಸಾಲದು. ಹಣ ಅಷ್ಟೇ ಇದ್ದರೆ ತಪ್ಪಿಲ್ಲ, ಆದರೆ ಚೀಲದ ಮೇಲೆ ‘ಮೂರು ದಿನಕ್ಕೆ’ ಎಂದೇ ಬರೆಯಿರಿ, ಮೂರನೇ ದಿನ ಮತ್ತೆ ಹೋಗಿ. ಹದಿನೈದು ದಿನ ಬರುತ್ತದೆ ಎಂಬ ನಿಮ್ಮ ಮಾತು ನಂಬಿದ ತಾಯಿ ಮೊದಲ ದಿನದಿಂದಲೇ ತನ್ನ ತುತ್ತು ಕಡಿಮೆ ಮಾಡಿಕೊಳ್ಳುತ್ತಾಳೆ.

ಉರುವಲು ಇದೆಯೇ ಎಂದು ಕೇಳಿ. ಗ್ಯಾಸ್ ಮುಗಿದ ಮನೆಗೆ ಗಟ್ಟಿ ಕಾಳು ಕೊಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಅಂಥವರಿಗೆ ಬೇಗ ಬೇಯುವುದನ್ನೋ ಹಾಗೇ ತಿನ್ನಬಹುದಾದುದನ್ನೋ ಕೊಡಿ. ಸೋಪನ್ನು ಮರೆಯಬೇಡಿ: ತಿಂಗಳಿಗೆ ಒಬ್ಬರಿಗೆ ಮೈ ತೊಳೆಯಲು 250 ಗ್ರಾಂ, ಬಟ್ಟೆಗೆ 200 ಗ್ರಾಂ ಎಂಬ ಅಳತೆ ಇದೆ. ಸ್ಯಾನಿಟರಿ ಪ್ಯಾಡ್‌ಗಳನ್ನು ಹೆಂಗಸರೇ ಬೇರೆ ಪೊಟ್ಟಣದಲ್ಲಿ ಕಟ್ಟಿ ಕೊಡಲಿ.

ಅಂಗಡಿಗಳು ತೆರೆದಿದ್ದು ಸಾಮಾನು ಸಿಗುತ್ತಿದ್ದರೆ, ನನ್ನ ಗಟ್ಟಿ ಸಲಹೆ: ಚೀಲ ಬಿಟ್ಟು ಹಣ ಕೊಡಿ. 2020ರ ಏಪ್ರಿಲ್‌ನಲ್ಲಿ ಆಫ್ರಿಕಾದ ಟೋಗೊ ಸರ್ಕಾರ ‘ನೊವಿಸ್ಸಿ’ ಯೋಜನೆಯಡಿ ದುಡಿಮೆ ಕಳೆದುಕೊಂಡವರಿಗೆ ನೇರವಾಗಿ ಮೊಬೈಲ್‌ಗೆ ಹಣ ಹಾಕಿತು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಮಾಮೂಲಿ ಫೋನ್ ಸಾಕಿತ್ತು. ಹೆಂಗಸರಿಗೆ ಗಂಡಸರಿಗಿಂತ ತುಸು ಹೆಚ್ಚು ಹಣ ಸಿಗುತ್ತಿತ್ತು. ಮಗುವಿಗೆ ಔಷಧ ಬೇಕಾದವರಿಗೆ ಬೇಳೆ ಹೊತ್ತು ತರುವ ತಪ್ಪು ಹಣ ಕೊಟ್ಟಾಗ ಆಗುವುದಿಲ್ಲ.

ಹೆಜ್ಜೆ 4: ಖರೀದಿ ಮತ್ತು ತುಂಬುವುದು

ಸಗಟು ತನ್ನಿ, ರಸೀದಿ ಇಟ್ಟುಕೊಳ್ಳಿ, ಹತ್ತು ಚೀಲಕ್ಕೊಂದನ್ನು ಮತ್ತೆ ತೂಗಿ.

ಕೆಲವನ್ನು ಮಾತ್ರ ಪುಕ್ಕಟೆ ಕೊಟ್ಟರೂ ಒಳಗೆ ಸೇರಿಸಬೇಡಿ. ಮೊದಲನೆಯದು ಹೆಸರಿಲ್ಲದ ಕಂಪನಿಗಳ ಸ್ಯಾನಿಟೈಸರ್. ಕನಿಷ್ಠ ಶೇ 60ರಷ್ಟು ಆಲ್ಕೊಹಾಲ್ ಇಲ್ಲದಿದ್ದರೆ ಅದನ್ನು ನಂಬುವಂತಿಲ್ಲ. ಮೆಥನಾಲ್ ಎಂಬ ವಿಷ ಬೆರೆತ ಸ್ಯಾನಿಟೈಸರ್‌ಗಳ ಬಗ್ಗೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಡಬೇಕಾಯಿತು. ನೀರಿರುವ ಮನೆಗೆ ಒಂದು ಸೋಪು ಅದಕ್ಕಿಂತ ಒಳ್ಳೆಯದು. ಎರಡನೆಯದು ಶಿಶುಗಳ ಹಾಲಿನ ಪುಡಿ ಮತ್ತು ಬಾಟಲಿ. ಶುದ್ಧ ನೀರಿಲ್ಲದ ಕಡೆ ಇದು ಭೇದಿಗೆ ದಾರಿ, ತಾಯಿಯ ಹಾಲನ್ನೂ ಇಳಿಸುತ್ತದೆ; ತಾಯಂದಿರಿಗೆ ಇದನ್ನು ಪುಕ್ಕಟೆ ಹಂಚಬಾರದೆಂದು, ತಾಯಿ ಹಾಲಿನ ಬದಲಿಗಳ ಮಾರಾಟದ ಬಗೆಗಿನ 1981ರ ಅಂತರರಾಷ್ಟ್ರೀಯ ಸಂಹಿತೆಯೇ ಹೇಳುತ್ತದೆ. ತಾಯಿ ಇಲ್ಲದ ಮಗುವಿದ್ದರೆ ಆರೋಗ್ಯ ಕಾರ್ಯಕರ್ತೆಯ ಮೂಲಕವೇ ಏರ್ಪಾಡು ಮಾಡಿ. ಹಂಚುವ ಜಾಗದಲ್ಲಿ ಜನರ ಮೈಮೇಲೆ ಸೋಂಕುನಾಶಕ ಸಿಂಪಡಿಸುವ ಸುರಂಗವನ್ನೂ ದಾನಿಗಳು ತಂದು ನಿಲ್ಲಿಸುತ್ತಾರೆ. ಯಾವ ಸಂದರ್ಭದಲ್ಲೂ ಅದು ಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿದೆ. ಕಣ್ಣು, ಚರ್ಮ, ಶ್ವಾಸಕೋಶಕ್ಕೆ ಕೇಡು.

ಹೆಜ್ಜೆ 5: ತಲುಪಿಸುವುದು

1666ರಲ್ಲಿ ಇಂಗ್ಲೆಂಡಿನ ಈಮ್ ಎಂಬ ಹಳ್ಳಿಯವರು ಪ್ಲೇಗ್ ಸುತ್ತಲಿಗೆ ಹರಡಬಾರದೆಂದು ತಮ್ಮನ್ನು ತಾವೇ ಊರೊಳಗೆ ಕಟ್ಟಿಹಾಕಿಕೊಂಡರು. ಹೊರಗಿನವರು ಗಡಿಕಲ್ಲಿನ ಬಳಿ ಆಹಾರ ಇಟ್ಟು ಹೋಗುತ್ತಿದ್ದರು. ಒಳಗಿನವರು ಸೋಂಕು ದಾಟದಿರಲೆಂದು ಕಲ್ಲಿನ ಗುಳಿಯಲ್ಲಿ ವಿನೆಗರ್ ತುಂಬಿ ಅದರಲ್ಲಿ ಬೆಲೆಯ ನಾಣ್ಯ ಬಿಡುತ್ತಿದ್ದರು ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಕೊಡುವವರೂ ಪಡೆಯುವವರೂ ಒಂದೆಡೆ ಗುಂಪು ಸೇರಬಾರದೆಂಬ ತಿಳಿವಳಿಕೆ ಅಷ್ಟು ಹಳೆಯದು. ಹಾಗಿದ್ದೂ ಮೈದಾನದಲ್ಲಿ ಶಾಮಿಯಾನ ಹಾಕಿ, ಮೈಕಿನಲ್ಲಿ ಕೂಗಿ, ಐನೂರು ಜನರನ್ನು ಬಿಸಿಲಲ್ಲಿ ನಿಲ್ಲಿಸಿದ ಹಂಚಿಕೆಯನ್ನು ನಾನು ಕಂಡಿದ್ದೇನೆ. ಸಾಲಿನ ಕೊನೆಯಲ್ಲಿ ಮಗು ಎತ್ತಿಕೊಂಡು ನಿಂತಿದ್ದಾಕೆಯ ಸರದಿ ಬರುವ ಮೊದಲೇ ಚೀಲ ಮುಗಿದವು.

ಮನೆ ಬಾಗಿಲಿಗೇ ಕೊಂಡೊಯ್ಯಿರಿ. ಇಬ್ಬರ ಜೋಡಿ ಒಂದು ಬೀದಿಗೆ ಸಾಕು. ಬಾಗಿಲು ತಟ್ಟಿ, ಚೀಲ ಹೊಸ್ತಿಲಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಅವರು ಒಳಗೆ ತೆಗೆದುಕೊಳ್ಳುವವರೆಗೂ ನಿಲ್ಲಿ. ಭಾರ ಎತ್ತಲಾರದವರಿಗೆ ಎರಡು ಚಿಕ್ಕ ಚೀಲ ಮಾಡಿಕೊಡಿ. ಬಾಗಿಲಿಗೆ ಹೋಗಲು ಆಗದಿದ್ದರೆ ಹಿಂದಿನ ದಿನವೇ ಗಂಟೆ ಬರೆದ ಟೋಕನ್ ಕೊಟ್ಟು, ಗಂಟೆಗೆ ಇಪ್ಪತ್ತು ಜನರಂತೆ ಕರೆಯಿರಿ. ಟೋಕನ್ ಎಷ್ಟೋ ಚೀಲವೂ ಅಷ್ಟೇ ಇರಬೇಕು, ಮೇಲೆ ಐದು ಹೆಚ್ಚಿಗೆ.

ಪಡೆಯುವವರ ಫೋಟೊ ತೆಗೆಯಬೇಡಿ. ದಾನಿಗಳಿಗೆ ಲೆಕ್ಕ ಬೇಕಾದರೆ ರಸೀದಿ ತೋರಿಸಿ, ಜೋಡಿಸಿಟ್ಟ ಚೀಲಗಳ ಚಿತ್ರ ಕಳುಹಿಸಿ. ಫೋಟೊ ಇಲ್ಲದೆ ಹಣವಿಲ್ಲ ಎಂದ ಒಬ್ಬ ದಾನಿಯ ಹಣವನ್ನು ನಾವು ಹಿಂದಿರುಗಿಸಿದೆವು. ಇಂದೂ ಹಾಗೆಯೇ ಮಾಡುತ್ತೇನೆ.

ಹೆಜ್ಜೆ 6: ಮತ್ತೆ ಹೋಗುವುದು

ಮೂರನೇ ದಿನ ಹತ್ತು ಮನೆಗಳಿಗೆ ಹೋಗಿ ವಿಚಾರಿಸಿ: ಏನು ಬೇಗ ಮುಗಿಯಿತು, ಏನು ಬೇಯಲಿಲ್ಲ, ಯಾರ ಮಾತ್ರೆ ಮುಗಿಯುತ್ತಾ ಬಂದಿದೆ. ಮಾತ್ರೆಯನ್ನು ಬಾಯಿಮಾತಿನ ಮೇಲೆ ತರಬೇಡಿ, ವೈದ್ಯರ ಚೀಟಿ ನೋಡಿಯೇ ತನ್ನಿ. ಈ ನಡುವೆ ಹೊಸಬರು ಬಂದು ಸೇರಿರುತ್ತಾರೆ, ಕೆಲವರು ನಡೆದೇ ಊರಿಗೆ ಹೊರಟುಹೋಗಿರುತ್ತಾರೆ. ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ತಿದ್ದಿ, ಮೊದಲ ಸುತ್ತಿನಲ್ಲಿ ಬಿಟ್ಟುಹೋದವರ ಹೆಸರನ್ನು ಮೊದಲ ಪುಟಕ್ಕೆ ತನ್ನಿ. ಎರಡನೇ ಸುತ್ತಿನ ಗಾಡಿ ಅವರ ಬಾಗಿಲಿನಿಂದಲೇ ಶುರುವಾಗಲಿ.