ಅಣಕು ಮಂಡಿಯಲ್ಲಿ ಒಂದು ವರ್ಷದ ವ್ಯಾಪಾರ

ಮಂಡ್ಯದ ಬೆಲ್ಲದ ವರ್ತಕರೊಬ್ಬರ ಮಂಡಿಗೆ ಆರ್ಡರ್ ಬರೆದುಕೊಳ್ಳುವುದರಿಂದ ಹಣ ವಸೂಲಿಯವರೆಗಿನ ಕೆಲಸಗಳನ್ನು ಆಟೊಮೇಷನ್ ಮಾಡಿಕೊಡಲು ಒಪ್ಪಿಕೊಂಡಾಗ ನಾನು ಹೇಳಿದ್ದು 45,000 ರೂಪಾಯಿ ಮತ್ತು ಮೂರು ವಾರ. ಕೆಲಸ ಹಿಡಿದದ್ದು ಐದು ತಿಂಗಳು. ಅದರಲ್ಲಿ ಮೂರು ತಿಂಗಳು ವರ್ಕ್‌ಫ್ಲೋ (ಒಂದರ ಹಿಂದೊಂದು ತಾನಾಗಿ ನಡೆಯುವ ಹಂತಗಳ ಸರಪಳಿ) ಬರೆಯಲು ಹೋಗಲಿಲ್ಲ. ಮೈಸೂರಿನ ನನ್ನ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆಂದು ಆ ಮಂಡಿಯದೇ ಒಂದು ಅಣಕು ರೂಪವನ್ನು ಕಟ್ಟಲು ಹೋಯಿತು. ಹೆಬ್ಬಾಳದ ಕಂಪನಿಯೊಂದರಲ್ಲಿರುವ ಗೆಳೆಯ, ನಾಲ್ಕು ವರ್ಕ್‌ಫ್ಲೋಗಳಿಗೆ ಇಷ್ಟು ಆಡಂಬರ ಬೇಡ, ಎರಡು ದಿನ ಲೈವ್‌ನಲ್ಲೇ ಓಡಿಸಿದರೆ ತಪ್ಪುಗಳು ತಾವೇ ಹೊರಬೀಳುತ್ತವೆ ಎಂದು ನಕ್ಕಿದ್ದ. ಮಂಡಿಯ ಯಜಮಾನರ ಮಾತು ಇನ್ನೂ ನೇರವಾಗಿತ್ತು: "ಸುಳ್ಳು ಮಂಡೀಲಿ ಗೆದ್ದು ಏನ್ ಮಾಡೀರಿ ಸ್ವಾಮಿ, ಲಾರಿ ಹೊರಡೋದು ಇಲ್ಲಿಂದ."

ಗೆಳೆಯ ಹೇಳಿದ ದಾರಿಯನ್ನು ನಾನು ಮೊದಲೇ ತುಳಿದು ಸುಟ್ಟುಕೊಂಡಿದ್ದೆ. 2024ರ ನವೆಂಬರಿನಲ್ಲಿ ಹತ್ತು ಹದಿನೈದು ಬಿಲ್‌ಗಳನ್ನು ನಾನೇ ಬರೆದು ಪರೀಕ್ಷಿಸಿ, ಎಲ್ಲವೂ ಸರಿಯಿದೆಯೆಂದು, ಈ ಕೆಲಸಗಳನ್ನು ಓಡಿಸುವ ಎನ್8ಎನ್ ಎಂಬ ತಂತ್ರಾಂಶವನ್ನು ಲೈವ್ ಮಾಡಿದೆ. ನಾನು ಬರೆದ ಮೊತ್ತಗಳಲ್ಲಿ ಅಲ್ಪವಿರಾಮವಿರಲಿಲ್ಲ. ಸಂಜೆ ಪಾಳಿಯ ಹುಡುಗ ಮಾತ್ರ ಶಾಲೆಯಲ್ಲಿ ಕಲಿತಂತೆ 1,25,000 ಎಂದು ಅಚ್ಚುಕಟ್ಟಾಗಿ ಬರೆಯುತ್ತಿದ್ದ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದನ್ನು ಸಂಖ್ಯೆಯಾಗಿ ಓದುವ ಪಾರ್ಸ್‌ಫ್ಲೋಟ್ ಮೊದಲ ಅಲ್ಪವಿರಾಮದಲ್ಲೇ ನಿಲ್ಲುವುದರಿಂದ ಆ ಲೋಡಿನ ಬೆಲೆ ಒಂದು ರೂಪಾಯಿಯಾಯಿತು, ಒಂದು ರೂಪಾಯಿ 50,000ದ ಮಿತಿಗಿಂತ ಕಡಿಮೆಯಾದ್ದರಿಂದ, ಮಾಲು ಸಾಗಿಸಲು ಸರ್ಕಾರದ ಪೋರ್ಟಲ್‌ನಿಂದ ಪಡೆಯಬೇಕಾದ ಇ-ವೇ ಬಿಲ್ ಹುಟ್ಟಲೇ ಇಲ್ಲ, ಲಾರಿ ತಮಿಳುನಾಡಿನ ದಾರಿಯಲ್ಲಿ ನಿಂತಿತು. ಪ್ಯಾಕ್ ಬೆಲ್ಲದ ಮೇಲಿನ ಶೇ. 5ರ ತೆರಿಗೆಗೆ ಎರಡು ಪಟ್ಟು ದಂಡವೆಂದರೆ 12,500 ರೂಪಾಯಿ, ಜೊತೆಗೆ ಲಾರಿ ನಿಂತ ದಿನಗಳ ಬಾಡಿಗೆ. ಅರ್ಧವನ್ನು ನಾನೇ ಕೊಟ್ಟೆ.

ಡಿಸೆಂಬರಿನಲ್ಲಿ ಇನ್ನೊಂದು ಆಯಿತು. ಬುದ್ಧಿ ಬಂದಿತೆಂದುಕೊಂಡು ವರ್ಕ್‌ಫ್ಲೋದ ಒಂದು ನಕಲನ್ನು ತೆಗೆದು ಅದರಲ್ಲಿ ಬಾಕಿ ನೆನಪೋಲೆಗಳನ್ನು ಪರೀಕ್ಷಿಸಿದೆ; ಆದರೆ ಆ ನಕಲಿನೊಳಗಿದ್ದ, ವಾಟ್ಸ್‌ಆ್ಯಪ್ ಸಂದೇಶ ಕಳಿಸುವ ಕೀಲಿ ಅಸಲಿಯದೇ ಆಗಿತ್ತು. ನಲವತ್ತಕ್ಕೂ ಹೆಚ್ಚು ಗಿರಾಕಿಗಳಿಗೆ, ಹಿಂದಿನ ದಿನವಷ್ಟೇ ಹಣ ಕಟ್ಟಿದವರಿಗೂ ಸೇರಿ, ಬೆಳಗಿನ ಜಾವ ಬಾಕಿಯ ಸಂದೇಶ ಹೋಯಿತು. ಕೇರಳದ ಹಳೆಯ ಗಿರಾಕಿಯೊಬ್ಬರು ಮುನಿಸಿಕೊಂಡು ಮೂರು ವಾರ ಮಾಲು ತರಿಸಲಿಲ್ಲ. ಯಜಮಾನರ ಲೆಕ್ಕದಲ್ಲಿ ಅದರ ನಷ್ಟ 38,000ದ ಆಸುಪಾಸು.

ಆದ್ದರಿಂದ ಅಣಕು ಮಂಡಿಗೆ ನಾನು ಹಾಕಿಕೊಂಡ ಮೊದಲ ಕಟ್ಟುಪಾಡು, ಅಲ್ಲಿಂದ ಒಂದು ಅಕ್ಷರವೂ ಹೊರಗೆ ಹೋಗಬಾರದೆಂಬುದು. ತಂತ್ರಾಂಶಗಳನ್ನು ಕಂಟೇನರ್‌ಗಳೆಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್‌ನ ಒಳಜಾಲಕ್ಕೆ ಹೊರದಾರಿಯನ್ನೇ ಮುಚ್ಚಿದೆ. ಅಷ್ಟರ ಮೇಲೂ ನಂಬಿಕೆಯಿಲ್ಲದೆ, ಎಲ್ಲ ಸುಳ್ಳು ಗಿರಾಕಿಗಳಿಗೂ 1ರಿಂದ ಶುರುವಾಗುವ ಹತ್ತಂಕಿಯ ಮೊಬೈಲ್ ಸಂಖ್ಯೆಗಳನ್ನು ಕೊಟ್ಟೆ. ನಮ್ಮ ದೇಶದಲ್ಲಿ ಮೊಬೈಲ್ ಸಂಖ್ಯೆ 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವುದರಿಂದ, ಸೋರಿದರೂ ಸಂದೇಶ ಯಾರ ಕೈಗೂ ಸೇರುವುದಿಲ್ಲ. ಲ್ಯಾಪ್‌ಟಾಪ್ ಸೆಕೆಂಡ್‌ಹ್ಯಾಂಡ್, 14,000 ರೂಪಾಯಿ. ಹೆಚ್ಚುವರಿ ರ್‍ಯಾಮ್‌ಗೆ ಎರಡು ಸಾವಿರದ ಚಿಲ್ಲರೆ. ಹಳೆಯ ಎರಡು ಸಾವಿರದಷ್ಟು ಬಿಲ್‌ಗಳನ್ನು ಹೆಸರು ಅಳಿಸಿ ತುಂಬಿದೆ. ಜಿಎಸ್‌ಟಿ ಸಂಖ್ಯೆಗಳಲ್ಲಿ ರಾಜ್ಯದ ಮೊದಲೆರಡು ಅಂಕಿಗಳನ್ನು ಉಳಿಸಿಕೊಂಡು, ಸಂಖ್ಯೆ ಸರಿಯೇ ಎಂದು ತಾಳೆ ನೋಡುವ ಕೊನೆಯ ಅಕ್ಷರ ಸರಿಬರುವಂತೆ ಉಳಿದದ್ದನ್ನು ಬದಲಿಸಿದೆ. ಇ-ವೇ ಬಿಲ್ ವ್ಯವಸ್ಥೆಗೆ ಸರ್ಕಾರದ್ದೇ ಸ್ಯಾಂಡ್‌ಬಾಕ್ಸ್, ಅಂದರೆ ಪರೀಕ್ಷೆಯ ಅಂಗಳ, ಇದೆ. ಅದನ್ನು ಕೊನೆಯ ಸುತ್ತಿಗೆ ಇಟ್ಟುಕೊಂಡು, ನನಗೆ ಬೇಕೆಂದಾಗ ಕೈಕೊಡುವ ನಕಲಿ ಪೋರ್ಟಲ್ ಒಂದನ್ನು ನಾನೇ ಬರೆದೆ.

ಆ ನಕಲಿ ಪೋರ್ಟಲ್‌ಗೆ ನಾನು ಕಲಿಸಿದ ಅತ್ಯಂತ ಉಪಯುಕ್ತ ದುರ್ಗುಣವೆಂದರೆ, ಇ-ವೇ ಬಿಲ್ ಮಾಡಿಕೊಂಡು ಉತ್ತರ ಕೊಡದೆ ಸುಮ್ಮನಿರುವುದು. ಕೋರಿಕೆ ತಲುಪಿದೆ, ಇ-ವೇ ಬಿಲ್ ಹುಟ್ಟಿದೆ, ಆದರೆ ನಮಗೆ ಗೊತ್ತಾಗಿಲ್ಲ. ಮರುಪ್ರಯತ್ನದಲ್ಲಿ ಮಾರಾಟದ ಅದೇ ಬಿಲ್ ಸಂಖ್ಯೆ ಹೋದರೆ, ಈಗಾಗಲೇ ಇದೆಯೆಂದು ಪೋರ್ಟಲ್ ತಿರಸ್ಕರಿಸುತ್ತದೆ, ಹಳೆಯದನ್ನು ಕೇಳಿ ಪಡೆಯಬಹುದು. ನನ್ನ ವರ್ಕ್‌ಫ್ಲೋ ಬಿಲ್ ಸಂಖ್ಯೆಯನ್ನು ಮರುಪ್ರಯತ್ನದ ಸುತ್ತಿನ ಒಳಗೇ ಪಡೆಯುತ್ತಿದ್ದುದರಿಂದ ಪ್ರತಿ ಸಲವೂ ಹೊಸ ಸಂಖ್ಯೆ ಹೋಗಿ, ಒಂದೇ ಲೋಡಿಗೆ ಮೂರು ಇ-ವೇ ಬಿಲ್‌ಗಳಾದವು. ಅಸಲಿಯಲ್ಲಿ ಹೀಗಾಗಿದ್ದರೆ ಹೆಚ್ಚಿನವನ್ನು 24 ಗಂಟೆಯೊಳಗೆ ರದ್ದು ಮಾಡಬೇಕಿತ್ತು, ಮತ್ತು ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗಡಿಯಾರದ ಕೆಲಸಕ್ಕೆ ಸುಮಾರು ಹನ್ನೆರಡು ದಿನ ಹಾಳಾದವು. ಒಂದು ವರ್ಷದ ವ್ಯಾಪಾರವನ್ನು ಒಂದು ರಾತ್ರಿಯಲ್ಲಿ ಓಡಿಸಬೇಕಾದರೆ ಕಾಲವನ್ನು ಓಡಿಸಬೇಕು. ಸುಳ್ಳು ಹೊತ್ತು ತೋರಿಸುವ ಲಿಬ್‌ಫೇಕ್‌ಟೈಮ್ ಹಾಕಿ ಕಂಟೇನರನ್ನೇ ಮೋಸಗೊಳಿಸಲು ಹೊರಟೆ; ಕಾಯುವ ಹಂತಗಳು ಅಲ್ಲಲ್ಲೇ ಸಿಕ್ಕಿಕೊಂಡವು. ಕೊನೆಗೆ ಎಲ್ಲ ವರ್ಕ್‌ಫ್ಲೋಗಳೂ ಹೊತ್ತನ್ನು ಒಂದೇ ಕಡೆ ಕೇಳುವಂತೆ ತಿದ್ದಿ ಬರೆದೆ. ಹಾಗೆ ಓಡಿಸಿದ ಮೊದಲ ರಾತ್ರಿಯೇ ಮಾರ್ಚ್ ಕೊನೆಯ ಎಡವಟ್ಟು ಸಿಕ್ಕಿತು. ಬೆಲ್ಲದ ಲಾರಿಗಳು ತುಂಬಿ ಹೊರಡುವುದು ನಡುರಾತ್ರಿ ಕಳೆದ ಮೇಲೆ. ಎನ್8ಎನ್‌ನ ಕಾಲವಲಯವನ್ನು ನಾನು ಅದರಲ್ಲಿ ಮೊದಲೇ ಇದ್ದ ನ್ಯೂಯಾರ್ಕ್‌ನಿಂದ ಕೋಲ್ಕತಾಗೆ ಬದಲಿಸಿದ್ದರೂ, ಒಂದು ಕೋಡ್ ಹಂತದಲ್ಲಿ ದಿನಾಂಕವನ್ನು ಐಎಸ್‌ಓ ರೂಪಕ್ಕೆ (ವರ್ಷ-ತಿಂಗಳು-ದಿನ, ಆಮೇಲೆ ಹೊತ್ತು) ತಿರುಗಿಸಿ ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡಿದ್ದೆ. ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ದಿನಾಂಕ, ನಮಗಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ರಾತ್ರಿ ಎರಡು ಗಂಟೆಯ ಲೋಡ್ ಮಾರ್ಚ್ 31ರ ಬಿಲ್ ಆಗಿ, ಹಿಂದಿನ ಹಣಕಾಸು ವರ್ಷದ ಬಿಲ್ ಸಂಖ್ಯೆಗಳ ಸರಣಿಗೆ ಸೇರಿಕೊಂಡಿತು.

ಬಿಡಿ ಬೆಲ್ಲ ಮತ್ತು ಪ್ಯಾಕ್ ಬೆಲ್ಲ ಒಂದೇ ಬಿಲ್‌ನಲ್ಲಿದ್ದಾಗಿನ ಗೊಂದಲವೂ ಅಲ್ಲೇ ಬಗೆಹರಿಯಿತು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ ತೆರಿಗೆ ಬಂದಿದೆ, ಬಿಡಿ ಅಚ್ಚಿಗೆ ಇಲ್ಲ. 50,000ದ ಮಿತಿ ನೋಡುವಾಗ ತೆರಿಗೆಯಿಲ್ಲದ ಮಾಲಿನ ಬೆಲೆಯನ್ನು ಬಿಟ್ಟು ಎಣಿಸಬೇಕು. ನಾನು ಒಟ್ಟು ಮೊತ್ತವನ್ನೇ ನೋಡುತ್ತಿದ್ದೆ.

ನಡುವೆ ಒಂದು ವಾರ ದಾರಿ ತಪ್ಪಿದ್ದನ್ನೂ ಹೇಳಬೇಕು. ಗಿರಾಕಿಗಳ ಸಂದೇಶಗಳನ್ನು ಎಐ ಭಾಷಾ ಮಾದರಿಯಿಂದ ಬರೆಸಲು ಹೋದೆ. "ದಯವಿಟ್ಟು ಎರಡು ಲೋಡ್ ಬೆಲ್ಲವನ್ನು ಕಳುಹಿಸಿಕೊಡಬೇಕಾಗಿ ವಿನಂತಿ" ಎಂದು ಬರೆಯಿತು. ಅಂಥ ಗಿರಾಕಿ ಮಂಡ್ಯಕ್ಕೆ ಇನ್ನೂ ಬಂದಿಲ್ಲ. ನಿಜದ ಸಂದೇಶ "ಅಣ್ಣ 2 ಬಿಡು, ಹಳೆ ರೇಟು" ಎಂದಿರುತ್ತದೆ. ಕನ್ನಡ ಅಂಕಿಗಳನ್ನೂ ಪರೀಕ್ಷಿಸಿದೆ: ೧೨ ಎಂದು ಕೊಟ್ಟರೆ ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ತಕರಾರಿಲ್ಲದೆ ಹನ್ನೆರಡು ಎಂದು ಓದುತ್ತದೆ, ಜಾವಾಸ್ಕ್ರಿಪ್ಟ್ ಓದುವುದಿಲ್ಲ. ಈ ಮಂಡಿಯಲ್ಲಿ ಯಾರೂ ಹಾಗೆ ಬರೆಯುವುದಿಲ್ಲವೆಂಬುದು ಬೇರೆ ಮಾತು.

ಕೊನೆಗೆ ಮಾದರಿಯನ್ನು ಬಿಟ್ಟು, ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತಿರುವವರ ಪಕ್ಕದಲ್ಲಿ ನಾಲ್ಕು ಸಂಜೆ ಕುಳಿತೆ. ಯಾರು ಎರಡು ಬಿಲ್‌ಗಳ ಹಣವನ್ನು ಸೇರಿಸಿ ಚಿಲ್ಲರೆ ಮುರಿದುಕೊಂಡು ಹಾಕುತ್ತಾರೆ, ಯಾರು ತಮ್ಮನ ಖಾತೆಯಿಂದ ಕಟ್ಟುತ್ತಾರೆ, ಯಾರು ಲೋಡ್ ಹೊರಟ ಮೇಲೆ ಆರ್ಡರ್ ಬದಲಿಸುತ್ತಾರೆ ಎಂಬುದನ್ನೆಲ್ಲ ಅವರು ಬಾಯಲ್ಲೇ ಹೇಳಿದರು. ಅದನ್ನು ಸುಳ್ಳು ಗಿರಾಕಿಗಳ ಸ್ವಭಾವವಾಗಿ, ಯಾವುದು ಎಷ್ಟು ಸಲ ಎಂಬ ಲೆಕ್ಕದಲ್ಲಿ ತುಂಬಿದ ಬಗೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನನ್ನ ಅನ್ನ ಇರುವುದೇ ಅದರಲ್ಲಿ. ಅದಾದ ಮೇಲೆ ಮೊದಲ ಸುತ್ತಿನಲ್ಲಿ ಅರವತ್ತರಷ್ಟು ತಪ್ಪುಗಳು ಬಿದ್ದವು, ಏಳನೆಯದರಲ್ಲಿ ಎರಡು, ಒಂಬತ್ತನೆಯದರಲ್ಲಿ ಒಂದೂ ಇಲ್ಲ.

ಲೈವ್ ಮಾಡಲು ಬೇಕೆಂದೇ 2025ರ ಮಾರ್ಚ್ 31ರ ರಾತ್ರಿಯನ್ನು ಆರಿಸಿಕೊಂಡೆ. ಬೇಡವೆಂದು ಎಲ್ಲರೂ ಹೇಳಿದರು. ರಾತ್ರಿ ಎರಡೂ ಕಾಲರ ಸುಮಾರಿಗೆ ಮೊದಲ ಲಾರಿ ತುಂಬಿತು; ಬಿಲ್ ಏಪ್ರಿಲ್ 1ರ ದಿನಾಂಕದಲ್ಲಿ ಹೊಸ ಸರಣಿಯ ಮೊದಲ ಸಂಖ್ಯೆಯಾಗಿ ಬಂತು, ಇ-ವೇ ಬಿಲ್ ಒಂದೇ ಒಂದು ಹುಟ್ಟಿತು. ಯಜಮಾನರು ಮೂರು ಸಲ ಓದಿ, ಲೆಕ್ಕದವರ ಕೈಗೆ ಕೊಟ್ಟು ಇನ್ನೊಮ್ಮೆ ಓದಿಸಿದರು. ಅಷ್ಟರಲ್ಲಿ ಡ್ರೈವರ್ ಬಂದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಬಿಲ್ ತನಗೆ ಬಂದಿಲ್ಲವೆಂದ. ಅವನ ಕೈಯಲ್ಲಿದ್ದದ್ದು ಕೀಪ್ಯಾಡ್ ಫೋನ್. ಪ್ರಿಂಟ್ ತೆಗೆದು ಕೊಟ್ಟು ಕಳಿಸಿ, ಬೆಳಗ್ಗೆ ಮೈಸೂರಿಗೆ ಹಿಂತಿರುಗಿದವನು ಮಲಗುವ ಮೊದಲು ಅಣಕು ಮಂಡಿಯ ಡ್ರೈವರ್‌ಗಳಲ್ಲಿ ಮೂವರಿಗೆ ಕೀಪ್ಯಾಡ್ ಫೋನ್ ಕೊಟ್ಟೆ.