ಹೆಸರುವಾಸಿ ಇಟಾಲಿಯನ್ ಹೋಟೆಲಿನಲ್ಲಿ ಬೇಜಾರಾಗದಂತೆ ಊಟ ಮಾಡುವುದು ಹೇಗೆ

ಅಕ್ಕನ ಹುಟ್ಟುಹಬ್ಬ ಬಂತೆಂದರೆ ನಾವೆಲ್ಲ ಹೋಗುವುದು ಒಂದೇ ಇಟಾಲಿಯನ್ ಹೋಟೆಲಿಗೆ. ಕಂಡವರೆಲ್ಲ ಹೊಗಳುವ ಜಾಗ. ಶನಿವಾರ ರಾತ್ರಿ ಬಾಗಿಲ ಹೊರಗೆ ಜನ ಕಾಯುತ್ತಿರುತ್ತಾರೆ. ನಾಲ್ಕು ಸಲ ಹೋದೆ, ನಾಲ್ಕು ಸಲವೂ ಅರ್ಧ ಪ್ಲೇಟು ಬಿಟ್ಟು ಎದ್ದೆ. ಒಂದು ಸಲ ಕಾರ್ಬೊನಾರಾ ಅನ್ನುವ ಮೊಟ್ಟೆ ಚೀಸಿನ ಪಾಸ್ಟಾ ಗೋಂದಿನ ಹಾಗಿತ್ತು. ಇನ್ನೊಂದು ಸಲ ಪಿಜ್ಜಾದ ನಡುಭಾಗ ಹಸಿಹಸಿ. ಮೂರನೇ ಸಲ ರಿಸೊಟ್ಟೊ ಅನ್ನುವ ಮೆತ್ತಗಿನ ಅನ್ನ ಹೇಳಿದೆ, ಅದರಲ್ಲಿ ಚಮಚ ನೆಟ್ಟಗೆ ನಿಂತಿತು. ನಾಲ್ಕನೇ ಸಲ ಏನು ತಿಂದೆ ಅನ್ನುವುದೇ ನೆನಪಿಲ್ಲ, ಅಷ್ಟು ಸಪ್ಪೆ.

"ನಿನಗೆ ಯಾವುದು ತಾನೇ ಹಿಡಿಸುತ್ತೆ ಹೇಳು?" ಅಂದಳು ಅಕ್ಕ. ಅವಳ ಲಸಾನ್ಯಾ (ಪದರ ಪದರದ ಪಾಸ್ಟಾ) ಪ್ಲೇಟು ಒರೆಸಿಟ್ಟ ಹಾಗೆ ಖಾಲಿ. ಆಗ ಯೋಚನೆ ಬಂತು. ಅದೇ ಅಡುಗೆಮನೆ, ಅದೇ ರಾತ್ರಿ. ನಾಲ್ಕು ಸಲವೂ ಅವಳದ್ದು ಚೆನ್ನಾಗಿರುತ್ತದೆ, ನನ್ನದು ಮಾತ್ರ ಯಾಕೆ ಕೆಡುತ್ತದೆ? ಮನೆಗೆ ಬಂದು ಒಂದಷ್ಟು ಓದಿದೆ. ನಾನು ತರಿಸಿಕೊಂಡಿದ್ದನ್ನೇ ಮನೆಯಲ್ಲಿ ಮಾಡಿ, ಕೆಡಿಸಿ, ಮತ್ತೆ ಮಾಡಿದೆ. ಅಡುಗೆಯವರ ತಪ್ಪು ಇತ್ತು, ನಿಜ. ಆದರೆ ಒಂಬತ್ತು ಗಂಟೆ ರಾತ್ರಿಯಲ್ಲಿ ಆರ್ಡರ್ ಮಾಡಬಾರದ್ದನ್ನೇ ನಾನು ಹುಡುಕಿ ಹುಡುಕಿ ಆರ್ಡರ್ ಮಾಡುತ್ತಿದ್ದೆ.

ಮೆನು ನೋಡುವ ಮೊದಲು ಗಡಿಯಾರ ನೋಡಿ

ತುಂಬಿದ ಹೋಟೆಲಿನ ಮೆನುವನ್ನು ಮನಸ್ಸಿನಲ್ಲೇ ಎರಡು ಗುಂಪು ಮಾಡಿಕೊಳ್ಳಿ. ಬೆಳಗ್ಗೆ ಮಾಡಿಟ್ಟರೂ ಕೆಡದಂಥವು ಒಂದು. ಕೊನೆಯ ಎರಡು ನಿಮಿಷದಲ್ಲಿ ಹದ ತಪ್ಪಿದರೆ ಮುಗಿದೇ ಹೋಗುವಂಥವು ಇನ್ನೊಂದು.

ಮೊದಲನೇ ಗುಂಪಿಗೆ ಲಸಾನ್ಯಾ, ಬದನೆಕಾಯಿ ಚೀಸ್ ಪದರದ ಪಾರ್ಮಿಜಾನಾ, ಮಿನೆಸ್ಟ್ರೋನೆ ಅನ್ನುವ ತರಕಾರಿ ಸೂಪು, ರಗು ಅನ್ನುವ ಮಾಂಸದ ಸಾಸು ಸೇರುತ್ತವೆ. ರಗು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಯಬೇಕು, ಹಾಗಾಗಿ ಅದನ್ನು ಯಾರೂ ನೀವು ಬಂದ ಮೇಲೆ ಒಲೆಗೆ ಇಡುವುದಿಲ್ಲ. ರಶ್ ಶುರುವಾಗುವ ಹೊತ್ತಿಗೆ ಅದು ಆರಾಮಾಗಿ ಬೆಂದು ಕೂತಿರುತ್ತದೆ. ಇಟಲಿಯ ಬೊಲೊನ್ಯಾ ಊರಿನವರು ಇದರ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅಂದರೆ, 1982ರಲ್ಲಿ ಪಾಕವಿಧಾನವನ್ನು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿದ್ದಾರೆ. ಅವರು ಅದನ್ನು ಸ್ಪಗೆಟ್ಟಿ ಜೊತೆ ತಿನ್ನುವುದಿಲ್ಲ. ಟಾಲ್ಯಾಟೆಲ್ಲೆ ಅನ್ನುವ ಅಗಲ ಪಟ್ಟಿಯ ಪಾಸ್ಟಾ ಬೇಕು. ಬೆಂದ ಮೇಲೆ ಅದು 8 ಮಿಲಿಮೀಟರ್ ಅಗಲ ಇರಬೇಕಂತೆ, ಅದಕ್ಕೂ ದಾಖಲೆ ಇದೆ! ತಮಾಷೆ ಅನಿಸಿದರೂ ಕಾರಣ ಇದೆ. ನುಣುಪಾದ ತೆಳ್ಳಗಿನ ಎಳೆಯಿಂದ ಮಾಂಸ ಜಾರಿ ತಟ್ಟೆಯ ತಳ ಸೇರುತ್ತದೆ, ಅಗಲ ಪಟ್ಟಿ ಹಿಡಿದುಕೊಳ್ಳುತ್ತದೆ. ಮೆನುವಿನಲ್ಲಿ ಎರಡೂ ಇದ್ದರೆ ಪಾಸ್ಟಾ ಬದಲಾಯಿಸಿ ಕೊಡಿ ಅಂತ ಕೇಳಿ. ನನಗೆ ಯಾರೂ ಇಲ್ಲ ಅಂದಿಲ್ಲ.

ಎರಡನೇ ಗುಂಪು ಕಾರ್ಬೊನಾರಾ, ಕಾಚೊ ಎ ಪೆಪೆ ಅನ್ನುವ ಚೀಸ್ ಮೆಣಸಿನ ಪಾಸ್ಟಾ, ರಿಸೊಟ್ಟೊ, ಕರಿದ ಮೀನು. ಇವು ಜನ ಕಡಿಮೆ ಇರುವ ಹೊತ್ತಿಗೆ ಮಾತ್ರ.

ಕಾರ್ಬೊನಾರಾ ಯಾಕೆ ಕೆಡುತ್ತದೆ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಜಾಸ್ತಿ ಬೇಜಾರು ಮಾಡಿದ್ದು ಇದೇ.

ರೋಮ್‌ನ ಕಾರ್ಬೊನಾರಾದಲ್ಲಿ ಇರುವುದು ಮೊಟ್ಟೆಯ ಹಳದಿ, ಪೆಕೊರಿನೊ ಅನ್ನುವ ಕುರಿಹಾಲಿನ ಚೀಸ್, ಕರಿಮೆಣಸು, ಗ್ವಾಂಚಾಲೆ ಅನ್ನುವ ಹಂದಿ ಕೆನ್ನೆಯ ಮಾಂಸ. ಕ್ರೀಮ್ ಇಲ್ಲ. ಬಿಸಿ ಪಾಸ್ಟಾವನ್ನು ಒಲೆಯಿಂದ ಇಳಿಸಿ, ಮೊಟ್ಟೆ ಚೀಸ್ ಹಾಕಿ, ಪಾಸ್ಟಾ ಬೆಂದ ನೀರನ್ನು ಚೂರು ಚೂರೇ ಸುರಿಯುತ್ತಾ ಕೈ ಬಿಡದೆ ತಿರುವಬೇಕು. ಆ ನೀರಿನಲ್ಲಿ ಗಂಜಿ ಇರುತ್ತದೆ. ಕೊಬ್ಬು ಒಂದು ಕಡೆ ನೀರು ಒಂದು ಕಡೆ ಆಗದ ಹಾಗೆ ಅದು ಹಿಡಿದಿಡುತ್ತದೆ. ಮೊಟ್ಟೆಯ ಹಳದಿ ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗತೊಡಗುತ್ತದೆ. ಬಿಸಿ ಕಡಿಮೆಯಾದರೆ ಸಾಸು ನೀರು, ಜಾಸ್ತಿಯಾದರೆ ಮೊಟ್ಟೆ ಹೆಪ್ಪುಗಟ್ಟಿ ಚೂರುಚೂರು. ಮನೆಯಲ್ಲಿ ಮೊದಲ ಸಲ ಮಾಡಿದಾಗ ನನ್ನದು ಪೂರ್ತಿ ಚೂರಾಯಿತು. ಮುಂದೆ ಒಂದೇ ಪ್ಲೇಟು, ಮೇಲಾಗಿ ಮನೆಯ ನಿಧಾನ, ಆದರೂ.

ಇನ್ನು ಒಂದೇ ಒಲೆಯ ಮುಂದೆ ಹತ್ತು ಆರ್ಡರ್ ಇರುವವರ ಗತಿ ಯೋಚನೆ ಮಾಡಿ. ಕ್ರೀಮ್ ಸುರಿದರೆ ಮೊಟ್ಟೆ ಹೆಪ್ಪುಗಟ್ಟುವ ಭಯ ಕಡಿಮೆ. ಅಡುಗೆಯವರಿಗೆ ಗೊತ್ತಿಲ್ಲದೆ ಕ್ರೀಮ್ ಹಾಕುತ್ತಾರೆ ಅಂತ ನಾನು ಮೊದಲು ಸಿಟ್ಟಾಗುತ್ತಿದ್ದೆ. ಗೊತ್ತಿದ್ದೇ ಹಾಕುತ್ತಾರೆ. ಆದರೆ ತಟ್ಟೆ ಆರುತ್ತಿದ್ದ ಹಾಗೆ ಕ್ರೀಮು ಚೀಸು ಸೇರಿ ಬಿಗಿಯುತ್ತದೆ. ನನ್ನ ಪ್ಲೇಟಿನಲ್ಲಿ ಫೋರ್ಕ್ ಎತ್ತಿದರೆ ಪಾಸ್ಟಾವೆಲ್ಲ ಒಂದೇ ತುಂಡಾಗಿ ಮೇಲೆದ್ದು ಬಂತು, ಕೆಳಗೆ ಪ್ಲೇಟಿನ ಗುಂಡಗಿನ ಅಚ್ಚು. ಭಾವ ಅದರ ಫೋಟೋ ತೆಗೆದಿಟ್ಟುಕೊಂಡಿದ್ದಾರೆ, ಈಗಲೂ ತೋರಿಸಿ ನಗುತ್ತಾರೆ.

ಹಾಗಾಗಿ ಆರ್ಡರ್ ಕೊಡುವ ಮೊದಲು ಒಂದೇ ಮಾತು ಕೇಳಿ: "ಇದಕ್ಕೆ ಕ್ರೀಮ್ ಹಾಕುತ್ತೀರಾ?" ಹೌದು ಅಂದರೆ, ಅದು ಬೇರೆಯೇ ಐಟಂ ಅಂತ ತಿಳಿದು ಬೇಕಾದರೆ ತೆಗೆದುಕೊಳ್ಳಿ. ಕೆಲವರಿಗೆ ಅದೇ ಇಷ್ಟ, ತಪ್ಪೇನಿಲ್ಲ. ಆಲ್ಫ್ರೆಡೊ ಕತೆಯೂ ಹೀಗೇ. ರೋಮ್‌ನ ಆಲ್ಫ್ರೆಡೊ ಡಿ ಲೆಲಿಯೊ ಅನ್ನುವವರ ಹೆಸರಿನ ಪಾಸ್ಟಾ ಅದು. ಅವರು ಹಾಕುತ್ತಿದ್ದದ್ದು ಬೆಣ್ಣೆ ಮತ್ತು ಪಾರ್ಮಿಜಾನೊ ಚೀಸ್ ಮಾತ್ರ. ಕ್ರೀಮ್ ಸೇರಿದ್ದು ಅಮೆರಿಕದಲ್ಲಿ.

ಬಂದ ಪ್ಲೇಟನ್ನು ಓದುವುದು

ಒಣ ಸ್ಪಗೆಟ್ಟಿ ಬೇಯಲು ಎಂಟರಿಂದ ಹನ್ನೆರಡು ನಿಮಿಷ ಬೇಕು. ನಿಮ್ಮದು ಐದೇ ನಿಮಿಷಕ್ಕೆ ಬಂತು ಅಂದರೆ ಎರಡರಲ್ಲಿ ಒಂದು. ಒಂದೋ ಅದು ಒಣಗಿಸದ ತಾಜಾ ಪಾಸ್ಟಾ, ಎರಡು ಮೂರು ನಿಮಿಷಕ್ಕೆ ಬೇಯುತ್ತದೆ. ಇಲ್ಲವೇ ಮೊದಲೇ ಬೇಯಿಸಿ ಇಟ್ಟಿದ್ದು. ಅರ್ಧ ಬೇಯಿಸಿಟ್ಟು ಆಮೇಲೆ ಸಾಸಿನಲ್ಲಿ ಬೇಯಿಸಿ ಮುಗಿಸುವುದು ದೊಡ್ಡ ದೊಡ್ಡ ಅಡುಗೆಮನೆಗಳಲ್ಲೂ ಇದೆ, ಅದು ಮೋಸ ಅಲ್ಲ. ಕೆಡುವುದು ಪೂರ್ತಿ ಬೇಯಿಸಿ, ಅಂಟದಿರಲಿ ಅಂತ ಎಣ್ಣೆ ಸವರಿ ಇಟ್ಟಾಗ. ಎಣ್ಣೆಯ ಮೇಲೆ ಸಾಸು ನಿಲ್ಲುವುದಿಲ್ಲ. ಪಾಸ್ಟಾ ಒಂದು ಕಡೆ ಬೆಳ್ಳಗೆ, ಸಾಸು ತಳದಲ್ಲಿ ಕೊಳದ ಹಾಗೆ ಕಂಡರೆ ಇದೇ ಆಗಿದೆ.

ಒಂದು ಎಳೆಯನ್ನು ಹಲ್ಲಿನಲ್ಲಿ ಕಡಿದು ತುದಿ ನೋಡಿ. ಒಣ ಪಾಸ್ಟಾ ಆದರೆ ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಇರಬೇಕು. ಅಲ್ ದೆಂತೆ ಅಂದರೆ ಇದು, ಹಲ್ಲಿಗೆ ಸಿಗುವ ಹದ. ಚುಕ್ಕೆ ದಪ್ಪಗಿದ್ದು ಹಿಟ್ಟು ಹಿಟ್ಟಾದರೆ ಬೆಂದಿಲ್ಲ. ನಾಲಿಗೆಯಲ್ಲೇ ಕರಗಿದರೆ ಬೆಂದು ಹಣ್ಣಾಗಿದೆ.

ರಿಸೊಟ್ಟೊಗೆ ಪ್ಲೇಟನ್ನು ಸ್ವಲ್ಪ ಓರೆ ಮಾಡಿದರೆ ಸಾಕು. ನಿಧಾನಕ್ಕೆ ಅಲೆಯ ಹಾಗೆ ಹರಿಯಬೇಕು. ಗುಡ್ಡೆಯ ಹಾಗೆ ಕೂತಲ್ಲೇ ಕೂತರೆ ಅದು ಕೌಂಟರಿನ ಮೇಲೆ ತುಂಬಾ ಹೊತ್ತು ಕಾದಿದೆ. ಅಕ್ಕಿಯಿಂದ ಶುರು ಮಾಡಿದರೆ ಹದಿನೆಂಟು ಇಪ್ಪತ್ತು ನಿಮಿಷದ ಕೆಲಸ ಅದು. "ತಡ ಆಗುತ್ತೆ" ಅಂತ ವೇಟರ್ ಹೇಳಿದರೆ ಖುಷಿಪಡಿ.

ಪಿಜ್ಜಾ ವಿಷಯದಲ್ಲಿ ತಪ್ಪು ತಿಳಿದದ್ದು ನಾನೇ, ಅದೂ ಅರ್ಧ. ನೇಪಲ್ಸ್ ಪಿಜ್ಜಾದ ನಡುಭಾಗ ಮೆತ್ತಗೆ, ತೇವವಾಗಿಯೇ ಇರುತ್ತದೆ. ಸುಮಾರು 430ರಿಂದ 480 ಡಿಗ್ರಿ ಕಾವಿನಲ್ಲಿ 60ರಿಂದ 90 ಸೆಕೆಂಡು ಬೇಯುವ ಪಿಜ್ಜಾ ಗರಿಗರಿ ಆಗುವುದಿಲ್ಲ. ಅಲ್ಲಿ ಚಾಕು ಫೋರ್ಕಿನಲ್ಲಿ, ಇಲ್ಲವೇ ಮಡಚಿ ತಿನ್ನುತ್ತಾರೆ. ಹಾಗಾದರೆ ಹಸಿ ಅಂತ ಹೇಗೆ ಗೊತ್ತಾಗಬೇಕು? ತುಂಡನ್ನು ತಿರುಗಿಸಿ ತಳ ನೋಡಿ. ಕಂದು, ಕಪ್ಪು ಚುಕ್ಕೆಗಳಿದ್ದು ಮೇಲೆ ಮಾತ್ರ ತೇವ ಇದ್ದರೆ ಸರಿಯಾಗೇ ಇದೆ. ತಳ ಬೆಳ್ಳಗೆ, ಹಿಟ್ಟಿನ ವಾಸನೆ ಬಂದರೆ ಬೆಂದಿಲ್ಲ. ಒಂದರ ಹಿಂದೆ ಒಂದು ಪಿಜ್ಜಾ ಹಾಕುತ್ತಾ ಹೋದರೆ ಓವನ್ನಿನ ಕಲ್ಲು ಆರುತ್ತದೆ, ಮತ್ತೆ ಕಾಯಲು ಸಮಯ ಕೊಡಬೇಕು. ಶನಿವಾರ ಯಾರು ಕೊಡುತ್ತಾರೆ? ಮೇಲೆ ಹತ್ತು ಬಗೆ ಪೇರಿಸಿದರೆ ಇನ್ನೂ ನೀರು. ಜನ ಜಾಸ್ತಿ ಇದ್ದಾಗ ಮಾರಿನಾರಾ ಹೇಳಿ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಚೀಸ್ ಇಲ್ಲದ್ದರಿಂದ ಹಾಲಿನ ನೀರು ಇಳಿಯುವುದಿಲ್ಲ.

ಮೆನುವಿನಲ್ಲಿ ಟ್ರಫಲ್ (ನೆಲದೊಳಗೆ ಬೆಳೆಯುವ, ಘಮದ ದುಬಾರಿ ಅಣಬೆ) ಅಂತ ಬರೆದಿದ್ದರೆ ಹುಷಾರು. ಟ್ರಫಲ್ ಎಣ್ಣೆಯ ಘಮ ಬಹಳ ಸಲ ಲ್ಯಾಬಿನಲ್ಲಿ ಮಾಡಿದ ಸುವಾಸನೆ. ನನಗಂತೂ ಗ್ಯಾಸ್ ಸೋರಿದ ಹಾಗೆ ಅನಿಸುತ್ತದೆ.

ವಾಪಸ್ ಕೊಡುವುದು

ಬೆಂದಿಲ್ಲದ್ದನ್ನು ಹಲ್ಲು ಕಚ್ಚಿ ತಿನ್ನಬೇಡಿ. ಹಾಗಂತ ಮುಕ್ಕಾಲು ತಿಂದು ಕಂಪ್ಲೇಂಟ್ ಮಾಡಿದರೂ ನಡೆಯುವುದಿಲ್ಲ. ಎರಡು ತುತ್ತು, ಅಲ್ಲಿಗೆ ನಿಲ್ಲಿಸಿ ಕರೆಯಿರಿ. "ಚೆನ್ನಾಗಿಲ್ಲ" ಅಂದರೆ ಯಾರಿಗೂ ಉಪಯೋಗ ಇಲ್ಲ, ಮಾತು ಬೆಳೆಯುತ್ತದೆ ಅಷ್ಟೇ. ಕಂಡದ್ದನ್ನು ತೋರಿಸಿ. ಐದನೇ ಸಲ ಹೋದಾಗ ನಾನು ಮಾಡಿದ್ದು ಹೀಗೆ.

"ಒಂದು ನಿಮಿಷ ಬನ್ನಿ. ಇದರ ತಳ ನೋಡಿ, ಒಂದು ಚುಕ್ಕೆಯೂ ಇಲ್ಲ."

ಹುಡುಗ ಬಗ್ಗಿ ನೋಡಿದ. "ನಮ್ಮದು ಸಾಫ್ಟ್ ಆಗೇ ಇರುತ್ತೆ ಮೇಡಂ."

"ಮೇಲೆ ಸಾಫ್ಟ್ ಇರಲಿ. ತಳ ಹಿಟ್ಟು ಹಿಟ್ಟಾಗಿದೆ, ಮುಟ್ಟಿ ನೋಡಿ ಬೇಕಾದರೆ. ಹೊಸದು ಮಾಡಿಸಿ, ಕಾಯುತ್ತೇನೆ. ಅವಸರ ಇಲ್ಲ."

"ಕಾಯುತ್ತೇನೆ" ಅನ್ನುವ ಮಾತು ಕೆಲಸ ಮಾಡಿತು ಅಂತ ನನ್ನ ನಂಬಿಕೆ. ಅವನ ಹೆಗಲು ಇಳಿಯಿತು, ಪ್ಲೇಟು ಎತ್ತಿಕೊಂಡು ಹೋದ. ಕಾಲು ಗಂಟೆ ಬಿಟ್ಟು ಬಂದ ಪಿಜ್ಜಾದ ಅಂಚು ಉಬ್ಬಿತ್ತು, ತಳದಲ್ಲಿ ಚಿರತೆಯ ಮೈಯಂಥ ಚುಕ್ಕೆ. ಅಷ್ಟರಲ್ಲಿ ಅಕ್ಕನ ಊಟ ಮುಗಿದಿತ್ತು. ಆದರೂ ನನ್ನದರಲ್ಲಿ ಎರಡು ತುಂಡು ಅವಳೇ ತಿಂದಳು.

ಉಳಿದ ಪಿಜ್ಜಾವನ್ನು ಕಟ್ಟಿಸಿಕೊಂಡರೆ ಡಬ್ಬದ ಮುಚ್ಚಳ ಚೂರು ತೆರೆದಿಡಿ, ಇಲ್ಲದಿದ್ದರೆ ಹಬೆಗೆ ನೆನೆದು ಚರ್ಮವಾಗುತ್ತದೆ. ಮನೆಯಲ್ಲಿ ಎಣ್ಣೆ ಇಲ್ಲದ ಬಾಣಲೆಯಲ್ಲಿ ಬಿಸಿ ಮಾಡಿ. ಮೈಕ್ರೊವೇವ್ ಬೇಡ.

ಸಿಹಿಗೆ ತಿರಾಮಿಸು ಹೇಳಿ. ಫ್ರಿಜ್ಜಿನಲ್ಲಿ ಕೆಲವು ಗಂಟೆ ಕೂತಷ್ಟೂ ಬಿಸ್ಕತ್ತು ಕಾಫಿ ಹೀರಿ ಹದಕ್ಕೆ ಬರುವ ಪದಾರ್ಥ ಅದು, ರಶ್ ಅದನ್ನು ಏನೂ ಮಾಡಲಾರದು. ತಳದಲ್ಲಿ ಕಾಫಿ ನಿಂತಿದ್ದರೆ ಮಾತ್ರ ಬಿಸ್ಕತ್ತನ್ನು ಜಾಸ್ತಿ ಹೊತ್ತು ಅದ್ದಿದ್ದಾರೆ.

ಇಷ್ಟೆಲ್ಲ ಆದ ಮೇಲೂ ನನಗೆ ಅಲ್ಲಿ ಕಾರ್ಬೊನಾರಾ ತಿನ್ನಬೇಕು ಅನ್ನುವ ಆಸೆ ಹೋಗಿಲ್ಲ. ಕ್ರೀಮ್ ಇಲ್ಲದೆ ಮಾಡಿಕೊಡುತ್ತೀರಾ ಅಂತ ಫೋನ್ ಮಾಡಿ ಕೇಳಿದೆ. "ಬೇಗ ಬಂದರೆ ಮಾಡಬಹುದು" ಅಂದರು. ಬುಧವಾರ ಏಳು ಗಂಟೆಗೆ ಮೂರು ಜನಕ್ಕೆ ಟೇಬಲ್ ಹೇಳಿದ್ದೇನೆ. ಫೋಟೋ ತೆಗೆಯಲು ಭಾವ ಈಗಲೇ ತಯಾರು.